ಬಂದರು ನೋಡದೆ ಮಂಗಳೂರು ನೋಡಿದ ಹಾಗಾಗುವುದಿಲ್ಲ

ಮಂಗಳೂರಿಗೆ ಒಂದು ದಿನ ಸಾಕು, ಪಣಂಬೂರು ಬೀಚ್ ಮತ್ತು ಎರಡು ದೇವಸ್ಥಾನ ನೋಡಿದರೆ ಮುಗಿಯಿತು ಅಂತ ನಿಮ್ಮ ಪ್ರವಾಸ ಲೇಖನದಲ್ಲಿ ಬರೆದಿದ್ದೀರಿ. ಇಲ್ಲೇ ಹುಟ್ಟಿ ಬೆಳೆದವನಿಗೆ ಅದು ಒಪ್ಪಿಗೆಯಾಗಲಿಲ್ಲ. ಪಣಂಬೂರಿನ ದೊಡ್ಡ ಬಂದರು ಉದ್ಘಾಟನೆಯಾದದ್ದು 1975ರಲ್ಲಿ, ಅದಕ್ಕೂ ಎಷ್ಟೋ ಶತಮಾನ ಮೊದಲೇ ಅರಬ್ ವ್ಯಾಪಾರಿಗಳು ಇಲ್ಲಿಗೆ ಬರುತ್ತಿದ್ದರು. ಆ ಹಳೇ ಊರು ನೋಡಬೇಕಾದರೆ ಬೆಳಿಗ್ಗೆ ಬೇಗ ಎದ್ದು ಧಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ ಹೋಗಿ. ಬೋಟುಗಳು ಬಂದು ನಿಂತಿರುತ್ತವೆ, ಬಂಗುಡೆ, ಬೂತಾಯಿ, ಅಂಜಲ್ ಮೀನು ರಾಶಿ ರಾಶಿ ಬೀಳುತ್ತದೆ, ಏಲಂ ಕೂಗುವವರ ತುಳು, ಬ್ಯಾರಿ, ಕನ್ನಡ ಎಲ್ಲಾ ಒಟ್ಟಿಗೆ ಕಿವಿಗೆ ಬೀಳುತ್ತದೆ. ಜೂನ್, ಜುಲೈಯಲ್ಲಿ ಮಾತ್ರ ಬರಬೇಡಿ, ಆಗ ಯಾಂತ್ರಿಕ ಬೋಟುಗಳಿಗೆ ರಜೆ. ಆ ಮಳೆಯಲ್ಲಿ ಕಡಲಿಗೆ ಇಳಿಯಲೇಬೇಡಿ, ದಯವಿಟ್ಟು.

ಮತ್ತೆ ಸುಲ್ತಾನ್ ಬತ್ತೇರಿ. ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಅದು, ಮೇಲೆ ನಿಂತರೆ ಗುರುಪುರ ಹೊಳೆ ಕಾಣುತ್ತದೆ. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿ ಬೀಚಿಗೆ ದಾಟಬಹುದು. ಸಂಜೆ ಹೊತ್ತು ಆ ದೋಣಿಯಲ್ಲಿ ಹೋಗುವುದು ನನಗೆ ಇವತ್ತಿಗೂ ಖುಷಿ. ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಚಿತ್ರಗಳನ್ನೂ ನೋಡಿ, ಇಟಲಿಯ ಮೊಸ್ಕೇನಿ ಬಿಡಿಸಿದ್ದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದೂ ಇದೇ ಊರಿನಿಂದ, ನಿಮ್ಮ ಲೇಖನದಲ್ಲಿ ಅದರ ಒಂದು ಸಾಲೂ ಇಲ್ಲ ಅಲ್ವಾ?

ಊಟಕ್ಕೆ ಸುಮ್ನೆ ಮಾಲ್ ಹುಡುಕಬೇಡಿ. ಕೋರಿ ರೊಟ್ಟಿ (ಕೋಳಿ ಸಾರಿನ ಜೊತೆ ಗರಿಗರಿ ಅಕ್ಕಿ ರೊಟ್ಟಿ) ತಿನ್ನಿ, ಇಲ್ಲದಿದ್ದರೆ ನೀರುದೋಸೆ, ಸಂಜೆಗೆ ಬಿಸಿ ಗೋಳಿಬಜೆ, ಅಂದರೆ ಮೈದಾ ಬಜ್ಜಿ. ಸೆಕೆ ಜಾಸ್ತಿ, ಹತ್ತಿ ಬಟ್ಟೆ ತನ್ನಿ.