ಸತ್ಯಾಂಶ: ಕಾಂಗರೂ ಮರಿ ಚೀಲದೊಳಗೆ ಹುಟ್ಟುವುದಿಲ್ಲ

ಕಲಬುರಗಿಯ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂದಿದೆ: 'ಕಾಂಗರೂಗೆ ಗರ್ಭಕೋಶವೇ ಇಲ್ಲ, ಮರಿ ಚೀಲದೊಳಗಿನ ಮೊಲೆತೊಟ್ಟಿನಿಂದಲೇ ಚಿಗುರುತ್ತದೆ.' ಇದು ಸುಳ್ಳು. ಆದರೆ ಸುಮ್ನೆ ಹುಟ್ಟಿದ ಸುಳ್ಳಲ್ಲ.

ಕಾಂಗರೂಗೆ ಗರ್ಭಕೋಶ ಇದೆ. ಒಂದಲ್ಲ, ಎರಡು! ಕೆಂಪು ಕಾಂಗರೂ ಸುಮಾರು 33 ದಿನ ಗರ್ಭ ಹೊರುತ್ತದೆ. ಹುಟ್ಟಿದ ಮರಿ ಹೆಚ್ಚುಕಡಿಮೆ ಒಂದು ಶೇಂಗಾ ಬೀಜದಷ್ಟು. ತೂಕ 1 ಗ್ರಾಂ ಸಹ ಇರುವುದಿಲ್ಲ. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಹಿಂಗಾಲು ಬರೀ ಮೊಳಕೆ. ಮುಂಗಾಲು ಮಾತ್ರ ಗಟ್ಟಿ. ಅವುಗಳಿಂದ ತಾಯಿಯ ಕೂದಲು ಹಿಡಿದು, ಕೆಲವೇ ನಿಮಿಷದಲ್ಲಿ ತಾನೇ ಚೀಲಕ್ಕೆ ಏರುತ್ತದೆ. ತಾಯಿ ಎತ್ತಿ ಇಡುವುದಿಲ್ಲ. ಒಳಗೆ ತೊಟ್ಟಿಗೆ ಬಾಯಿ ಹಾಕಿದರೆ, ತೊಟ್ಟು ಬಾಯೊಳಗೇ ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ವಾರಗಟ್ಟಲೆ ಬಿಡುವುದಿಲ್ಲ. ಚೀಲ ಇಣುಕಿ ನೋಡಿದವರಿಗೆ ಮರಿ ತೊಟ್ಟಿನಿಂದಲೇ ಬೆಳೆದಂತೆ ಕಾಣುತ್ತದೆ, ಅಲ್ವಾ?

ನಮ್ಮ ಆಡು ಮರಿಯನ್ನು ಸುಮಾರು ಐದು ತಿಂಗಳು ಹೊಟ್ಟೆಯಲ್ಲೇ ಬೆಳೆಸುತ್ತದೆ. ಹಾಗಾಗಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಮರಿ ಎದ್ದು ನಿಲ್ಲುತ್ತದೆ. ಕಾಂಗರೂ ಆ ಕೆಲಸ ಜಾಸ್ತಿ ಮಾಡುವುದು ಹಾಲಿನಿಂದ. ಕೆಂಪು ಕಾಂಗರೂ ಮರಿ ಚೀಲ ಬಿಡಲು ಸುಮಾರು ಎಂಟು ತಿಂಗಳು ಬೇಕು. ಆಮೇಲೂ ತಲೆ ತೂರಿಸಿ ತನ್ನ ಹಳೇ ತೊಟ್ಟಿನಲ್ಲೇ ಕುಡಿಯುತ್ತದೆ. ಅದೇ ಹೊತ್ತಿಗೆ ಇನ್ನೊಂದು ತೊಟ್ಟಿನಲ್ಲಿ, ಹೊಸ ಕೂಸಿಗೆ ಬೇರೆಯೇ ಬಗೆಯ ಹಾಲು!