ಮೆಣಸಿನಕಾಯಿ ಮರ ಹತ್ತುವ ಯಂತ್ರ

"ಎಳೆ ಮೆಣಸಿನಕಾಯಿಯ ನೀರು ದೇಹಕ್ಕೆ ತಂಪು. ಬೇಸಿಗೆಯಲ್ಲಿ ದಿನಕ್ಕೊಂದು ಕುಡಿಯಿರಿ."

ಇದು ನನ್ನ ಮಾತಲ್ಲ. ಬ್ಯಾಡಗಿ ತಾಲೂಕಿನ ಒಂದು ಊರಲ್ಲಿ ನಡೆದ ರೈತರ ತರಬೇತಿಯಲ್ಲಿ ನನ್ನ ಕೈಗೆ ಕೊಟ್ಟ ಪುಸ್ತಿಕೆಯ ಮೂರನೇ ಪುಟದಲ್ಲಿ ಅಚ್ಚಾಗಿದ್ದದ್ದು. ನಾಲ್ಕನೇ ಪುಟ ಇನ್ನೂ ಮುಂದೆ ಹೋಗಿತ್ತು. ಮೆಣಸಿನಕಾಯಿ ಸಿಪ್ಪೆಯ ನಾರಿನಿಂದ ಹಗ್ಗ ಹೊಸೆಯಬಹುದಂತೆ. ಚಿಪ್ಪಿನಿಂದ ಸೌಟು ಮಾಡಬಹುದಂತೆ. ಎರಡು ಮೆಣಸಿನಕಾಯಿ ಮರದ ನಡುವೆ ಇಪ್ಪತ್ತೈದು ಅಡಿ ಜಾಗ ಬಿಡಬೇಕಂತೆ. ಮರ ಹತ್ತುವ ಯಂತ್ರಕ್ಕೆ ಸಹಾಯಧನವೂ ಇದೆಯಂತೆ.

ಪಕ್ಕದಲ್ಲಿ ಕೂತಿದ್ದ ಯಜಮಾನರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸಿಕೊಂಡು ಮೂರನೇ ಸಲ ಓದಿದರು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು. "ತಮ್ಮಾ, ಇದು ಯಾವ ತಳಿ ಇರಬೇಕು?"

ತಳಿ ಅಲ್ಲ, ತೆಂಗು. ಯಾರೋ ಪುಣ್ಯಾತ್ಮರು ಯಾವುದೋ ಕಾಲಕ್ಕೆ ತೆಂಗು ಬೆಳೆಗಾರರಿಗೆ ಅಂತ ಮಾಡಿಟ್ಟ ಪಾಠ. ಅದು ನಮ್ಮ ಕಡೆ ಹೊರಟಾಗ "ತೆಂಗಿನಕಾಯಿ" ಇದ್ದ ಕಡೆಯೆಲ್ಲ "ಮೆಣಸಿನಕಾಯಿ" ಹಾಕು ಅಂತ ಕಂಪ್ಯೂಟರಿಗೆ ಹೇಳಿದ್ದಾರೆ. ಅದು ಹಾಕಿದೆ. ಕೇಳುವವರು ಯಾರು ಅಂತ ನೋಡಿಕೊಂಡು ವಿಷಯ ಬದಲಿಸಿಕೊಳ್ಳಿ ಅಂತ ಭಾಷಣ ಕಲಿಸುವವರು ಹೇಳ್ತಾರಲ್ವಾ? ಇವರು ಬದಲಿಸಿಕೊಂಡಿದ್ದಾರೆ. ಎರಡು ಸೆಕೆಂಡಿನ ಕೆಲಸ. ಕೊನೇ ಪುಟದಲ್ಲಿ ಒಂದು "ಕೊಬ್ಬರಿ" ಮಾತ್ರ ಹೇಗೋ ತಪ್ಪಿಸಿಕೊಂಡು ಕೂತಿತ್ತು.

ನಾನು ಕಾಲು ಉಳುಕಿಸಿಕೊಂಡ ಮಾವನನ್ನು ನೋಡಲು ಆ ಊರಿಗೆ ಹೋದವನು. ಮಂದಿ ಕಡಿಮೆ ಬಿದ್ದರು ಅಂತ ನನ್ನನ್ನೂ ಎಳೆದುಕೊಂಡು ಹೋಗಿ ಕೂರಿಸಿದ್ದರು. ಕಡಿಮೆ ಯಾಕೆ ಬಿದ್ದರು ಅಂದರೆ, ತರಬೇತಿ ಇಟ್ಟಿದ್ದು ಸೋಮವಾರ. ಬ್ಯಾಡಗಿ ಪೇಟೆ ಗೊತ್ತಿದ್ದವರು ಇಷ್ಟಕ್ಕೇ ನಕ್ಕಿರುತ್ತಾರೆ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ವ್ಯಾಪಾರದ ದಿನ. ಸೀಸನ್ನಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಲಾರಿಗಳೂ ಬಂದು ಸಾಲುಗಟ್ಟಿ, ಇಡೀ ಊರು ಸೀನುತ್ತಿರುತ್ತದೆ. ಶಿವರಾತ್ರಿ ಕಳೆದು ಒಂದು ವಾರ, ಅದೂ ಸೋಮವಾರ, ಮೆಣಸಿನಕಾಯಿ ಬೆಳೆದವನು ಪೇಟೆಯಲ್ಲಿ ಚೀಲದ ಮೇಲೆ ಕೂತಿರುತ್ತಾನೆಯೇ ಹೊರತು ಸಮುದಾಯ ಭವನದ ಪ್ಲಾಸ್ಟಿಕ್ ಕುರ್ಚಿ ಮೇಲಲ್ಲ.

ಹಾಗಾಗಿ ಬೆಳೆದವರನ್ನು ಬಿಟ್ಟು ಉಳಿದವರೆಲ್ಲ ಬಂದಿದ್ದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಅಂಗನವಾಡಿ ಟೀಚರು, ಉಪ್ಪಿಟ್ಟಿನ ವಾಸನೆ ಹಿಡಿದು ಬಂದ ಏಳನೇ ಕ್ಲಾಸಿನ ಹುಡುಗರು. ಪಕ್ಕದ ಯಜಮಾನರದು ಮೂರು ಎಕರೆ ಮೆಣಸಿನಕಾಯಿ ಇತ್ತು ನಿಜ. ಆದರೆ ಮಕ್ಕಳಿಬ್ಬರೂ ಪೇಟೆಗೆ ಹೋಗಿದ್ದರು, ಇವರು ಮನೆ ಕಾಯಲು ಉಳಿದಿದ್ದರು.

ಇನ್ನು ಜಾಗ. ಪರದೆ ಕಟ್ಟಿದ್ದು ಮೂಡಣ ಕಿಟಕಿಗೆ ಎದುರಾಗಿ. ಹತ್ತೂವರೆಯ ಬಿಸಿಲು ನೆಟ್ಟಗೆ ಪರದೆ ಮೇಲೆ. ಅದರಲ್ಲಿ ಬೆಳ್ಳಗಿನದು ಬಿಟ್ಟು ಏನೂ ಕಾಣಲಿಲ್ಲ. ಪರದೆಯನ್ನು ತಿರುಗಿಸಿದ್ದರೆ ಮುಗೀತಿತ್ತು, ಆದರೆ ವೇದಿಕೆ ಅಲ್ಲೇ ಇತ್ತು, ಬ್ಯಾನರೂ ಅಲ್ಲೇ ಇತ್ತು. ಸರಿ, ಕಿಟಕಿ ಮುಚ್ಚಿದರು. ಮುರಿದ ಕಿಟಕಿಗೆ ಯಾರದೋ ಮನೆಯಿಂದ ಎರಡು ಕಂಬಳಿ ತರಿಸಿ ಇಳಿಬಿಟ್ಟರು. ಬಾಗಿಲು ಹಾಕಿದರು. ಫ್ಯಾನ್ ಹಾಕಿದರೆ ಪರದೆ ಅಲ್ಲಾಡುತ್ತದೆ ಅಂತ ಫ್ಯಾನ್ ಬಂದ್. ಅಕ್ಷರ ಸಣ್ಣದು, ಹಿಂದಿನವರಿಗೆ ಕಾಣಲ್ಲ ಅಂತ ಎಲ್ಲರನ್ನೂ ಮುಂದಕ್ಕೆ ಒತ್ತಿ ಕೂರಿಸಿದರು. ಪಾಠವನ್ನು ಮಂದಿಗೆ ಹೊಂದಿಸೋದು ತ್ರಾಸಿನ ಕೆಲಸ. ಮಂದಿಯನ್ನೇ ಪಾಠಕ್ಕೆ ಹೊಂದಿಸಿಬಿಟ್ಟರೆ ಆಯ್ತು. ಕುರಿ ಕಂಬಳಿಯ ವಾಸನೆ, ಕತ್ತಲು, ಬೆವರು. ಹತ್ತು ನಿಮಿಷದಲ್ಲಿ ಮೊದಲ ಗೊರಕೆ ಕೇಳಿಸಿತು.

ಕರೆಂಟು ತಂದಿದ್ದು ಪಕ್ಕದ ಹಿಟ್ಟಿನ ಗಿರಣಿಯಿಂದ. ಗಿರಣಿಯವನು ಯಾರದೋ ಜೋಳ ಹಾಕಿದಾಗಲೆಲ್ಲ ಪರದೆ ಮೇಲಿನ ಚಿತ್ರ ಮಂಕಾಗುತ್ತಿತ್ತು. ಜೋಳ ಮುಗಿದ ಮೇಲೆ ಮತ್ತೆ ಪ್ರಕಾಶ.

ಮೊದಲ ಸ್ಲೈಡಿನಲ್ಲಿ ಆರು ಲಾಂಛನ, ಏಳು ಮುಖ. ಎರಡನೆಯದು ಕನ್ನಡದಲ್ಲಿತ್ತು ಅಂತ ಆಮೇಲೆ ತಿಳಿಯಿತು. ಅದನ್ನು ಬರೆದಿದ್ದು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ, ತಂದ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟು ಇಲ್ಲ. ಕನ್ನಡದ ಕಂಪ್ಯೂಟರ್ ಕಂಡ ಎಲ್ಲರಿಗೂ ಈ ಸಂಕಟ ಗೊತ್ತು. ಕನ್ನಡ ಹೋಗಿ, ತಲೆ ಮೇಲೆ ಕೊಂಬು, ಕೆಳಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಬಂದು ನಿಲ್ಲುತ್ತವೆ. ಏಳನೇ ಕ್ಲಾಸಿನ ಹುಡುಗನೊಬ್ಬ ಅದನ್ನು ಗಟ್ಟಿಯಾಗಿ ಓದಲು ಹೋಗಿ ಕೆಮ್ಮಿಕೊಂಡ. ಇಡೀ ಪಾಠದಲ್ಲಿ ಓದಲು ಬಂದದ್ದು ಇಂಗ್ಲಿಷ್ ಸ್ಲೈಡುಗಳು ಮಾತ್ರ. ಅವನ್ನು ಓದಲು ಬರುವವರು ಮಾತ್ರ ಅಲ್ಲಿರಲಿಲ್ಲ.

ಪಾಠ ಹೇಳಲು ಬಂದ ಹುಡುಗ ಒಳ್ಳೆಯವನೇ. ಅವತ್ತೇ ಇನ್ನೂ ಎರಡು ಊರು ಮುಗಿಸಬೇಕು ಪಾಪ. "ಫಾರ್ಮರ್ಸ್ ಎಲ್ಲರೂ ವ್ಯಾಲ್ಯೂ ಚೈನ್ ಒಳಗೆ ಬರಬೇಕು. ಚೈನ್ ನಿಮ್ಮ ಕೈಯಲ್ಲಿರಬೇಕು" ಅಂದ. ಹೆಣ್ಣುಮಕ್ಕಳ ಸಾಲಿನಲ್ಲಿ ಮೂರು ನಾಲ್ಕು ಕೈ ತಂತಾವೇ ಕೊರಳಿಗೆ ಹೋದವು. ಒಬ್ಬಾಕೆ ಪಕ್ಕದವಳಿಗೆ ಪಿಸುಗುಟ್ಟಿದಳು. "ಎಷ್ಟ ತೊಲಿದಂತ?"

ಒಂಬತ್ತನೇ ಸ್ಲೈಡಿಗೆ ಮೆಣಸಿನಕಾಯಿ ಬಂತು. ಅಂತೂ ಬಂತು. ನುಣ್ಣಗೆ, ಪಳಪಳ, ಬೆರಳಿನಷ್ಟು ದಪ್ಪ. ತಲೆಬರಹ "ಖಾರ ಹೆಚ್ಚಿಸುವ ಕ್ರಮಗಳು" ಅಂತ ಅವನೇ ಅನುವಾದ ಮಾಡಿ ಹೇಳಿದ. ತೊಲೆ ಕೇಳಿದ್ದಾಕೆ ಈಗ ಎದ್ದು ನಿಂತಳು. "ಇದು ನಮ್ಮ ಕಾಯಿ ಅಲ್ರೀ ಸರ. ನಮ್ಮದು ಸುಕ್ಕ ಇರ್ತೈತಿ. ಹಿಂಗ ನುಣ್ಣಗಿದ್ರ ದಲಾಲಿ ಕೈಯಾಗೂ ಹಿಡಿಯಂಗಿಲ್ಲ."

ಅವಳು ಹೇಳಿದ್ದು ನೂರಕ್ಕೆ ನೂರು. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಬ್ಯಾಡಗಿ ಕಾಯಿಯ ಮರ್ಯಾದೆ ಇರುವುದೇ ಆ ಸುಕ್ಕಿನಲ್ಲಿ, ಬಣ್ಣದಲ್ಲಿ. ಖಾರ ಕಡಿಮೆ, ಕೆಂಪು ಜಾಸ್ತಿ. ಕಾಯಿಯಿಂದ ಓಲಿಯೋರೆಸಿನ್ ಅನ್ನೋ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಯವರು ರೇಟು ಕಟ್ಟುವುದು ಆ ಕೆಂಪಿಗೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಅದು ಬೇರೆ ಕಾಯಿಯ ಹಾಗಿಲ್ಲ ಅನ್ನೋದಕ್ಕೆ. ಅದರ ಖಾರ ಹೆಚ್ಚಿಸೋದು ಅಂದರೆ ಧಾರವಾಡ ಪೇಡೆಗೆ ಉಪ್ಪು ಹಾಕಿದಂತೆ.

"ಗುಡ್ ಪಾಯಿಂಟ್ ಅಮ್ಮಾ" ಅಂದ ಹುಡುಗ. ಹತ್ತನೇ ಸ್ಲೈಡಿಗೆ ಹೋದ.

ನನಗೆ ಹುಬ್ಬಳ್ಳಿಯ ದುರ್ಗದಬೈಲು ನೆನಪಾಯಿತು. ಅಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ತರಕಾರಿ ಹೆಚ್ಚುವ ಸಾಮಾನು ಮಾರುವವನೊಬ್ಬನನ್ನು ಒಂದು ಸಂಜೆ ನಿಂತು ನೋಡಿದ್ದೆ. ಅವನ ಹತ್ತಿರ ಸ್ಲೈಡಿಲ್ಲ, ಒಂದು ಮೂಲಂಗಿ, ಒಂದು ಗಜ್ಜರಿ ಇದೆ. ಅಜ್ಜಿ ನಿಂತರೆ "ಯವ್ವಾ, ಬೆರಳ ಕೊಯ್ಯಂಗಿಲ್ಲ ನೋಡು" ಅಂತ ತನ್ನ ಬೆರಳನ್ನೇ ಅಲಗಿನ ಮೇಲೆ ಎಳೆದು ತೋರಿಸುತ್ತಾನೆ. ಹೊಸದಾಗಿ ಮದುವೆಯಾದ ಜೋಡಿ ಬಂದರೆ ಗಂಡನ ಕೈಗೇ ಮೂಲಂಗಿ ಕೊಡುತ್ತಾನೆ, ಹುಡುಗಿ ನಗುತ್ತಾಳೆ, ವ್ಯಾಪಾರ ಅಲ್ಲೇ ಕುದುರುತ್ತದೆ. ಮರಾಠಿಯವರಿಗೆ ಮರಾಠಿ, ಹಿಂದಿಯವರಿಗೆ ಹಿಂದಿ. ಮಳೆ ಹನಿ ಬಿದ್ದರೆ ಮಾತು ಅರ್ಧಕ್ಕೆ ಇಳಿಯುತ್ತದೆ, ರೇಟು ಐದು ರೂಪಾಯಿ ಇಳಿಯುತ್ತದೆ. ಅವನ ಮಾತು ನಮಗೆ ಹೊಂದದಿದ್ದರೆ ಅವನ ಮನೆಯಲ್ಲಿ ಅಂದು ರಾತ್ರಿ ಒಲೆ ಹತ್ತುವುದಿಲ್ಲ.

ಅಷ್ಟೇಕೆ, ಗದಗಿನ ಹತ್ತಿರದ ಕಣಗಿನಹಾಳವನ್ನೇ ತಗೊಳ್ಳಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ಸಾಲ, ಬಡ್ಡಿ, ಷೇರು, ಎಲ್ಲರ ಹಣಕ್ಕೆ ಎಲ್ಲರ ಹೊಣೆ. ಹಳ್ಳಿಯವರ ತಲೆಗೆ ಇಳಿಸಲು ಇದಕ್ಕಿಂತ ತೊಡಕಿನ ವಿಷಯ ಬೇಕಾ? ಪವರ್‌ಪಾಯಿಂಟ್ ಮಾರಾಟಕ್ಕೆ ಬಂದಿದ್ದು 1987ರಲ್ಲಿ. ಎಂಬತ್ತೆರಡು ವರ್ಷ ಕಾಯೋಣ ಅಂತ ಗೌಡರು ಕೂತಿದ್ದರೆ ನಮ್ಮ ಗತಿ ಏನಾಗ್ತಿತ್ತೋ.

ಹೀಗೆಲ್ಲ ಅಂದುಕೊಂಡು ನಾನು ಆ ಹುಡುಗನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಹದಿನಾಲ್ಕನೇ ಸ್ಲೈಡಿಗೆ ನನ್ನ ತಪ್ಪು ಗೊತ್ತಾಯಿತು.

ಆ ಸ್ಲೈಡಿನಲ್ಲಿ ಒಂದೇ ಸಾಲು, ದೊಡ್ಡ ಅಕ್ಷರ, ಹಳದಿ ಹಿನ್ನೆಲೆ. ಪರದೆ ದೀಪದ ಹಾಗೆ ಬೆಳಗಿತು. ಮಲಗಿದ್ದವರ ಮುಖವೂ ಕಂಡವು. ಹುಡುಗ ಓಡಿ ಹೋಗಿ ಗಿರಣಿಯವನಿಗೆ "ಎರಡು ನಿಮಿಷ ನಿಲ್ಸಿ" ಅಂತ ಹೇಳಿ ಬಂದ. ಕಂಬಳಿ ಸರಿಸಿದರು. ಗೊರಕೆಯವರನ್ನು ಎಬ್ಬಿಸಿದರು. ಹೆಣ್ಣುಮಕ್ಕಳನ್ನು ಮೊದಲ ಸಾಲಿಗೆ ಕರೆದು, ಹುಡುಗರನ್ನು ಹಿಂದಕ್ಕೆ ಕಳಿಸಿ, ಸೆರಗು ಸರಿ ಮಾಡಿಕೊಳ್ಳಿ ಅಂತ ಹೇಳಿ, ಬ್ಯಾನರಿನ ಮಡಿಕೆ ಬಿಡಿಸಿ, "ಯಾರಾದರೂ ಒಬ್ಬರು ಪ್ರಶ್ನೆ ಕೇಳಿದ ಹಾಗೆ ಕೈ ಎತ್ತಿ" ಅಂದ. ಅಂಗನವಾಡಿ ಟೀಚರು ಕೈ ಎತ್ತಿದರು. ಅವರಿಗೆ ಇದು ಹೊಸದಲ್ಲ. ಊರು, ದಿನಾಂಕ, ಅಕ್ಷಾಂಶ, ರೇಖಾಂಶ ಎಲ್ಲ ಮೂಡುವ ಆ್ಯಪಿನಲ್ಲಿ ನಾಲ್ಕು ಫೋಟೋ. ಅಲ್ಲೇ ನಿಂತು ಮೇಲಿನವರ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ. ಮೂರು ಹೆಬ್ಬೆರಳು ಬಂದವು.

ಬೆಳಕು, ಅಕ್ಷರದ ಗಾತ್ರ, ಕೂರಿಸುವ ರೀತಿ, ಯಾವುದರಲ್ಲೂ ಕೊರತೆ ಇಲ್ಲ. ಹುಡುಗನಿಗೆ ತನ್ನ ಸಭಿಕರು ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಅವರು ಆ ಗುಂಪಿನಲ್ಲಿದ್ದರು. ಸುಮ್ನೆ ಎದುರಿಗೆ ಕೂತಿದ್ದೇವೆ ಅಂತ ನಾವೇ ಸಭಿಕರು ಅಂದುಕೊಂಡಿದ್ದು ನಮ್ಮ ತಪ್ಪು.

ಉಪ್ಪಿಟ್ಟು ಬಂತು. ಜೊತೆಗೆ ಅಭಿಪ್ರಾಯದ ಹಾಳೆ. ಉತ್ತಮ, ಅತ್ಯುತ್ತಮ ಎರಡೇ ಕಲಂ, ಅತ್ಯುತ್ತಮಕ್ಕೆ ಮೊದಲೇ ಟಿಕ್ ಹಾಕಿತ್ತು. ಸಹಿ ಮಾಡಿದರೆ ಉಪ್ಪಿಟ್ಟು. ಉಪ್ಪಿಟ್ಟು ನಿಜಕ್ಕೂ ಅತ್ಯುತ್ತಮವಾಗಿತ್ತು, ಹಾಗಾಗಿ ನಾನೂ ಸಹಿ ಮಾಡಿದ್ದು ಮನಸ್ಸಿಗೆ ವಿರುದ್ಧವಾಗಿ ಏನಲ್ಲ.

ಕೊನೆಗೆ ಯಂತ್ರದ ಅರ್ಜಿ. ಈ ಊರಿಂದ ಹತ್ತು ಅರ್ಜಿ ಆಗಲೇಬೇಕಂತೆ. ಒಂಬತ್ತು ಆಗಿದ್ದವು. ಯಾರ ಹತ್ತಿರ ಯಾವ ಮರ ಇತ್ತೋ ದೇವರೇ ಬಲ್ಲ. ಹುಡುಗನ ಜೊತೆ ಬಂದಿದ್ದ ಸಹಾಯಕ ನಮ್ಮ ಯಜಮಾನರ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಇಲ್ಲಿಯವನೇ ಆಗಿದ್ದ.

"ಅಜ್ಜಾರ, ಮರದ ಎತ್ತರ ಎಷ್ಟ್ರಿ?"

ಯಜಮಾನರು ಕೂತಲ್ಲೇ ಕೈ ಚಾಚಿ ಮೊಣಕಾಲಿನ ಮೇಲೆ ಒಂದು ಗೇಣು ತೋರಿಸಿದರು. "ಇಷ್ಟ. ಎರಡೂವರಿ ಅಡಿ ಹಿಡಿ."

"ಅಡಿ ನಡಿಯಂಗಿಲ್ರಿ, ಮೀಟರ್ ಹೇಳಬೇಕು. ಅದೂ ಎಂಟ ಮೀಟರಿಗಿಂತ ಕಡಿಮಿ ಇದ್ರ ಕಂಪ್ಯೂಟರ್ ತಗೊಳ್ಳಂಗಿಲ್ಲ."

ಯಜಮಾನರು ಸ್ವಲ್ಪ ಹೊತ್ತು ಆ ಫಾರ್ಮನ್ನು ನೋಡಿದರು. ಕನ್ನಡಕ ಮಡಚಿ ಜೇಬಿಗೆ ಇಳಿಬಿಟ್ಟರು.

"ಹಂಗಾರ ಒಂಬತ್ತ ಬರಿ ತಮ್ಮಾ. ಈ ವರ್ಷ ಗೊಬ್ಬರ ಜೋರ್ ಹಾಕೇನಿ."