ಖೊಖ್ಲೋವ್ ಕಥೆಯಲ್ಲಿ ಯಾನಾ ಅವರ ಪಾಲು

ಸೋವಿಯತ್ ಗೂಢಚಾರ ನಿಕೊಲಾಯ್ ಖೊಖ್ಲೋವ್ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಬಗೆಯನ್ನು ವಿವರಿಸುವ, ನಾನು ಓದಿದ ಲೇಖನವೊಂದು ಅವರ ಪತ್ನಿ ಯಾನಾ ಅವರಿಗೆ ಒಂದೇ ಸಾಲು ಮೀಸಲಿಟ್ಟಿರುವುದು ನನಗೆ ನೋವು ತಂದಿತು. 1954ರ ಫೆಬ್ರವರಿಯಲ್ಲಿ, ಸಿಗರೇಟ್ ಪೆಟ್ಟಿಗೆಯಲ್ಲಿ ಅಡಗಿಸಿದ ಸದ್ದಿಲ್ಲದ ಆಯುಧದಿಂದ ಯಾರನ್ನು ಕೊಲ್ಲಿಸಬೇಕೆಂದು ಮಾಸ್ಕೋ ಆದೇಶಿಸಿತ್ತೋ, ಸೋವಿಯತ್ ವಿರೋಧಿ ರಷ್ಯನ್ ವಲಸಿಗರ ನಾಯಕರಾದ ಆ ಒಕೊಲೋವಿಚ್ ಅವರ ಫ್ರಾಂಕ್‌ಫರ್ಟ್ ಮನೆಗೇ ಖೊಖ್ಲೋವ್ ಹೋಗಿ ಸಂಚನ್ನು ತಿಳಿಸಿದ್ದು ಅಸಾಧಾರಣ ಧೈರ್ಯವೇ ಸರಿ. ಆದರೆ ಕೊಲೆಗೆ ಕೈಹಾಕಬೇಡಿರೆಂದು ಒತ್ತಾಯಿಸಿದವರು ಯಾನಾ. ವಿಷಯ ಬಹಿರಂಗವಾದ ಮೇಲೆ ಬಂಧನ, ಗಡಿಪಾರುಗಳನ್ನು ಅನುಭವಿಸಿದವರೂ ಅವರೇ. 1957ರಲ್ಲಿ ತಮ್ಮ ಮೇಲೆ ನಡೆದ ವಿಷಪ್ರಯೋಗದಿಂದ ಬದುಕುಳಿದ ಖೊಖ್ಲೋವ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ದಶಕಗಳ ಕಾಲ ಬೋಧಿಸಿದರು. 1992ರಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಅವರಿಂದ ಕ್ಷಮಾದಾನವೂ ದೊರೆಯಿತು. ಯಾನಾ ಅವರ ಕುರಿತು ಪ್ರತ್ಯೇಕವಾಗಿ, ವಿಸ್ತಾರವಾಗಿ ಬರೆಯಬೇಕೆಂದು ಲೇಖಕರಲ್ಲಿ ನನ್ನ ವಿನಂತಿ.